ಹರಟೆಮಲ್ಲ 8, ಪ್ರಶ್ನೆ 40

ಜನವರಿ ಮೊದಲ ವಾರ, ಬೆಳಿಗ್ಗೆ ಆರೂವರೆ. ಸರೋವರದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಜಪಾನೀ ಬೌದ್ಧ ಮಂದಿರದ ಡೋಲು ಕೇಳಿಸುತ್ತಿದೆ, ಮಂದಿರ ಕಾಣಿಸುತ್ತಿಲ್ಲ. ನೀರುಕಾಗೆ 3, ಕೊಳದ ಬಕ 2, ಕಾಗೆ ಲೆಕ್ಕವಿಲ್ಲ. ಮಳೆಮರದ ಬುಡದ ತರಗೆಲೆಯಲ್ಲಿ ಹರಟೆಮಲ್ಲ 8.

ಕೋಲ್ಕತ್ತದ ರವೀಂದ್ರ ಸರೋವರವನ್ನು 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಜೌಗು ನೆಲ ಅಗೆಸಿ ಮಾಡಿಸಿತು. 1958ರವರೆಗೂ ಅದರ ಹೆಸರು ಢಾಕುರಿಯಾ ಲೇಕ್. ಹಳಬರ ಬಾಯಲ್ಲಿ ಇಂದಿಗೂ ಬರೀ ಲೇಕ್. ನಮ್ಮ ಬಾಲಿಗಂಜ್ ಮನೆಯಿಂದ ನಡೆದರೆ ಅರ್ಧ ಗಂಟೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬೆಳಗಿನ ಹೊತ್ತು ಇಲ್ಲಿ ಹಕ್ಕಿ ಬರೆದಿಡುವುದು ನನ್ನ ಅಭ್ಯಾಸ. ಬೈನಾಕ್ಯುಲರ್ ಹಳೆಯದು, ಎಡಗಣ್ಣಿನ ಕಡೆ ಬೂಸ್ಟು ಹಿಡಿದಿದೆ.

ಈ ಸಲ ಜೊತೆಗೆ ತಂಗಿಯ ಮಗಳಿದ್ದಾಳೆ. ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದುವ ಹುಡುಗಿ. ರಜೆಗೆ ಬರುವಾಗ ಒಂದು ಕೆಲಸ ಕಟ್ಟಿಕೊಂಡು ಬಂದಿದ್ದಳು: ಭಾವನಾತ್ಮಕ ಮತ್ತು ಸಾಮಾಜಿಕ ಬುದ್ಧಿಮತ್ತೆಯನ್ನು ಅಳೆಯುವ ಪುಟ್ಟ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ಮಾಡಿ ನೋಡುವುದು. ಸಂಶೋಧನೆ ಏನಲ್ಲ, ಕೈ ಪಳಗಿಸಿಕೊಳ್ಳಲು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ವಾಕ್ಯ ಬರೆದಿದ್ದಳು. ಒಟ್ಟು 40. ‘ಎದುರಿನವರ ಮುಖ ನೋಡಿದರೆ ಅವರ ಮನಸ್ಸಿನಲ್ಲಿರುವುದು ನನಗೆ ತಿಳಿಯುತ್ತದೆ.’ ‘ಕೋಪ ಬಂದರೆ ತಡೆದುಕೊಳ್ಳಬಲ್ಲೆ.’ ಒಂದೊಂದಕ್ಕೂ ಐದು ಉತ್ತರ: ಯಾವಾಗಲೂ, ಬಹಳ ಸಲ, ಕೆಲವು ಸಲ, ಅಪರೂಪಕ್ಕೆ, ಎಂದೂ ಇಲ್ಲ. ಒಪ್ಪಿಗೆಯನ್ನು ಹೀಗೆ ಐದು ಮೆಟ್ಟಿಲಲ್ಲಿ ಕೇಳುವ ಕ್ರಮವನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ತಂದಿಟ್ಟ.

“ನಲವತ್ತು ಜಾಸ್ತಿ ಆಯ್ತು ದೊಡ್ಡಮ್ಮ. ಹನ್ನೆರಡಕ್ಕೆ ಇಳಿಸಬೇಕು. ಯಾರಿಗೂ ಪುರುಸೊತ್ತಿಲ್ಲ.”

ಪುರುಸೊತ್ತಿಲ್ಲ ಎಂದು ಹಕ್ಕಿ ನೋಡುವುದಕ್ಕಾಗುವುದಿಲ್ಲ, ಬಾ ಎಂದು ಎಳೆದುಕೊಂಡು ಬಂದೆ.

ಹರಟೆಮಲ್ಲದ ಗುಂಪನ್ನು ಸ್ವಲ್ಪ ಹೊತ್ತು ನೋಡಿದರೆ ಅದೊಂದು ಕೂಡುಕುಟುಂಬ ಎಂದು ಗೊತ್ತಾಗುತ್ತದೆ. ಏಳೆಂಟು ಹಕ್ಕಿ ತರಗೆಲೆ ಎತ್ತಿ ಎಸೆಯುತ್ತ ಹುಳ ಹುಡುಕುವಾಗ ಒಂದು ಮಾತ್ರ ತುಸು ಎತ್ತರದಲ್ಲಿ ಕುಳಿತಿರುತ್ತದೆ. ಮೇಯುವುದಿಲ್ಲ, ಕತ್ತು ತಿರುಗಿಸುತ್ತಿರುತ್ತದೆ. ನಾಯಿಯೋ ಗಿಡುಗವೋ ಕಂಡರೆ ಅದು ಕೂಗುತ್ತದೆ, ಉಳಿದವು ಪೊದೆಗೆ ನುಗ್ಗುತ್ತವೆ. ಸ್ವಲ್ಪ ಹೊತ್ತಿಗೆ ಕಾವಲು ಬದಲಾಗುತ್ತದೆ. ಬಿಸಿಲೇರಿದ ಮೇಲೆ ಒಂದೇ ಕೊಂಬೆಯಲ್ಲಿ ಭುಜಕ್ಕೆ ಭುಜ ಒತ್ತಿ ಕುಳಿತು ಒಂದರ ಕತ್ತಿನ ಗರಿಯನ್ನು ಇನ್ನೊಂದು ನೇವರಿಸುತ್ತದೆ.

ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕುಳಿತು, ಕಾವಲು ಹಕ್ಕಿ ಇದೆಯೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ಗುರುತು ಹಾಕಿದೆವು. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ಅರ್ಧ ಗಂಟೆಯಾದ ಮೇಲೆ ಹೋಲಿಸಿದರೆ ತಾಳವೇ ಇಲ್ಲ. ಅವಳು ಎತ್ತರದಲ್ಲಿ ಕುಳಿತ ಹಕ್ಕಿಯನ್ನೆಲ್ಲ ಕಾವಲು ಎಂದು ಬರೆದಿದ್ದಳು; ನಾನು ಮೇವು ಬಿಟ್ಟು ಕತ್ತು ತಿರುಗಿಸುವುದನ್ನು ಮಾತ್ರ. ಮರುದಿನ ಕಾವಲು ಎಂದರೇನು ಎಂಬುದನ್ನು ಎರಡು ಸಾಲಿನಲ್ಲಿ ಬರೆದುಕೊಂಡು ಕುಳಿತೆವು. ಹಾಳೆಗಳು ಹತ್ತಿರ ಬಂದವು. ಇದಕ್ಕೂ ಅವರ ಶಾಸ್ತ್ರದಲ್ಲಿ ಲೆಕ್ಕವಿದೆಯಂತೆ. ಇಬ್ಬರು ಕಣ್ಣು ಮುಚ್ಚಿ ಗುರುತು ಹಾಕಿದರೂ ಕೆಲವು ಕಡೆ ಹೊಂದಿಕೊಂಡುಬಿಡುತ್ತದಲ್ಲ, ಆ ಪುಕ್ಕಟೆ ಹೊಂದಿಕೆಯನ್ನು ಕಳೆದು ಉಳಿದದ್ದನ್ನು ಮಾತ್ರ ಎಣಿಸುವುದು. ಜೇಕಬ್ ಕೊಹೆನ್ 1960ರಲ್ಲಿ ಹೇಳಿಕೊಟ್ಟದ್ದು, ಹೆಸರು ಕಾಪಾ.

ಅಂದೇ ಮಧ್ಯಾಹ್ನ ಅವಳು ತನ್ನ ಕಾರ್ಡುಗಳನ್ನು ಹರಡಿಕೊಂಡು ಕುಳಿತಳು. ‘ಸೂಕ್ಷ್ಮ’, ‘ಬೇಜಾರು’, ‘ಹೊಂದಿಕೆ’ ಎಂಬ ಪದಗಳ ಕೆಳಗೆ ಗೆರೆ ಎಳೆದಳು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಜನವರಿ, ಮೂರನೇ ವಾರ. ಲೇಕ್ ಮಾರ್ಕೆಟ್ ಕಡೆ ದಕ್ಷಿಣದವರ ಮನೆ, ಮೆಸ್ಸು, ಹೋಟೆಲುಗಳು ಹೆಚ್ಚು. ಅಲ್ಲಿನ ಒಂದು ಅಡುಗೆಮನೆಯಲ್ಲಿ ಉಡುಪಿ ಕಡೆಯ ಭಟ್ಟರೊಬ್ಬರಿದ್ದಾರೆ, ನನಗೆ ಹಳೆಯ ಪರಿಚಯ. ಮಧ್ಯಾಹ್ನ ಮೂರಕ್ಕೆ ಒಲೆ ತಣ್ಣಗಿರುತ್ತದೆ. ಹುಡುಗಿ ಕಾಗದ ಕೊಟ್ಟು ಪಕ್ಕದಲ್ಲೇ ಕುಳಿತಳು. ಉತ್ತರಕ್ಕಿಂತ ಪೆನ್ನು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು ಎಂದು ಅವಳಿಗೆ ಪಾಠದಲ್ಲಿ ಹೇಳಿದ್ದರಂತೆ. ಹಕ್ಕಿ ನೋಡುವವರಿಗೆ ಇದು ಹೊಸತಲ್ಲ. ಮೇಯುವ ಹಕ್ಕಿ ತಟ್ಟನೆ ತಲೆ ಎತ್ತಿದರೆ ಅಲ್ಲೇನೋ ಇದೆ.

ಭಟ್ಟರ ಪೆನ್ನು ‘ಕೋಪ ಬಂದರೆ ತಡೆದುಕೊಳ್ಳಬಲ್ಲೆ’ ಎಂಬಲ್ಲಿ ನಿಂತಿತು. ತಲೆ ಎತ್ತಿದರು.

“ಇದು ಯಾರ ಮೇಲೆ ಅಂತ ಬರೆದಿಲ್ಲ ಅಲ್ಲ? ಗಿರಾಕಿ ಮೇಲೆ ಬಂದ್ರೆ ತಡೆದುಕೊಳ್ಳುದೇ ಕೆಲಸ. ಧಣಿ ಮೇಲೆ ಬಂದ್ರೆ ತಡೆದುಕೊಳ್ಳದೆ ಹೋಗುದು ಎಲ್ಲಿಗೆ? ಮನೆಗೆ ಫೋನ್ ಮಾಡಿದಾಗ ಮಾತ್ರ ತಡೆಯುದಿಲ್ಲ. ಈಗ ಎಲ್ಲಿ ಗೀಟು ಹಾಕುದು ಅಮ್ಮ?”

ಕೊನೆಗೆ ‘ಕೆಲವು ಸಲ’ ಎಂಬಲ್ಲಿ ಹಾಕಿದರು. ಸುಳ್ಳಲ್ಲ, ನಿಜವೂ ಅಲ್ಲ. ಮೂರು ಬೇರೆ ಬೇರೆ ಮನುಷ್ಯರನ್ನು ಕೂಡಿಸಿ ಸರಾಸರಿ ತೆಗೆದ ಹಾಗೆ. ಆ ಕಾರ್ಡಿನ ಹಿಂದೆ ಹುಡುಗಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು: ‘ಯಾರ ಮೇಲೆ?’ ಆಮೇಲೆ ಆ ಪ್ರಶ್ನೆ ‘ಮನೆಯವರ ಮೇಲೆ ಕೋಪ ಬಂದಾಗ’ ಎಂದು ಶುರುವಾಯಿತು.

‘ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತೇನೆ’ ಎಂಬುದು ಅವಳಿಗೆ ಬಹಳ ಇಷ್ಟದ ವಾಕ್ಯ. ಸಾಮಾಜಿಕ ಬುದ್ಧಿಮತ್ತೆಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ಯಾವುದಿದೆ ಎಂದು ವಾದಿಸುತ್ತಿದ್ದಳು. ಕಾಗದ ತುಂಬಿದ ಹೆಂಗಸರೆಲ್ಲ ಅಲ್ಲಿ ‘ಯಾವಾಗಲೂ’ ಎಂದು ಗೀಟು ಹಾಕಿದರು, ಒಬ್ಬರೂ ತಪ್ಪಲಿಲ್ಲ. ಅವಳಿಗೆ ಖುಷಿ. ಆದರೆ ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ನನ್ನ ಟಿಪ್ಪಣಿಯ ಕಾಗೆಯಂತೆ. ವರ್ಷದ ಅಷ್ಟೂ ದಿನ ಅದು ಇದ್ದೇ ಇರುತ್ತದೆ. ಅದನ್ನು ನೋಡಿ ಋತು ಯಾವುದೆಂದು ಹೇಳಲಾಗದು. ಇನ್ನೊಂದು ಮಾತನ್ನು ಅವಳಿಗೆ ಹೇಳಿದ್ದು ನಾನಲ್ಲ, ನನ್ನ ಓರಗಿತ್ತಿ. “ಹೊಂದಿಕೊಂಡು ಹೋಗದೆ ಬೇರೆ ದಾರಿ ಏನಿತ್ತೇ ನಮಗೆ? ಅದನ್ನ ಬುದ್ಧಿ ಅಂತೀಯಾ?” ಆ ಕಾರ್ಡು ಅಂದೇ ಹರಿಯಿತು.

ತಲೆಕೆಳಗು ಪ್ರಶ್ನೆಗಳ ಪಾಡು ಇನ್ನೊಂದು ಬಗೆ. ಜನ ಕಣ್ಣು ಮುಚ್ಚಿಕೊಂಡು ಒಂದೇ ಕಡೆ ಗೀಟು ಹಾಕದಿರಲಿ ಎಂದು ಪ್ರಶ್ನಾವಳಿ ಮಾಡುವವರು ನಡುನಡುವೆ ‘ಇಲ್ಲ’ಗಳನ್ನು ಸೇರಿಸುತ್ತಾರೆ. ಅಕ್ಷರ ಸಣ್ಣದು ಎಂದ ಹಿರಿಯರೊಬ್ಬರಿಗೆ ಬಾಯಲ್ಲೇ ಕೇಳಿದೆವು: ‘ಮನೆಯವರಿಗೆ ಬೇಸರವಾದರೆ ನನಗೆ ತಿಳಿಯುವುದಿಲ್ಲ.’ “ಇಲ್ಲ” ಎಂದರು. ಯಾವ ಇಲ್ಲ? ತಿಳಿಯುವುದಿಲ್ಲ ಎಂಬ ಇಲ್ಲವೋ, ಹಾಗೇನಿಲ್ಲ ಎಂಬ ಇಲ್ಲವೋ? ಕನ್ನಡದಲ್ಲಿ ಎರಡಕ್ಕೂ ಒಂದೇ ಇಲ್ಲ. ಇಂಗ್ಲಿಷ್ ಪ್ರಶ್ನಾವಳಿಯ ಉಪಾಯವನ್ನು ಹಾಗೇ ಎತ್ತಿ ತಂದರೆ ಇದೇ ಗತಿ.

ಭಾಷೆಯ ಮಾತು ಬಂದದ್ದರಿಂದ ಹಕ್ಕಿಗೆ ಹಿಂತಿರುಗಬೇಕು. ನಮ್ಮ ಹರಟೆಮಲ್ಲವನ್ನು ಇಲ್ಲಿಯವರು ಛಾತಾರೆ ಎನ್ನುತ್ತಾರೆ, ಸಾತ್ ಭಾಯ್ ಎಂದೂ ಕರೆಯುತ್ತಾರೆ. ಇಂಗ್ಲಿಷಿನವರಿಗೆ ಅದು ಏಳು ಅಕ್ಕತಂಗಿಯರು. ಹಕ್ಕಿ ಅದೇ, ಗಲಾಟೆ ಅದೇ. ಬಂಗಾಳಕ್ಕೆ ಬಂದ ಕೂಡಲೇ ಅಕ್ಕತಂಗಿಯರು ಅಣ್ಣತಮ್ಮಂದಿರಾಗಿಬಿಡುತ್ತಾರೆ. ಕನ್ನಡದವರು ನೆಂಟಸ್ತಿಕೆಯ ಗೊಡವೆಗೇ ಹೋಗದೆ ಬಾಯಿಗೆ ಹೆಸರಿಟ್ಟರು.

ನಮ್ಮ ಕೆಳಮನೆಯ ದಿದಿ ಶಾಲೆಯಲ್ಲಿ ಬಾಂಗ್ಲಾ ಕಲಿಸಿ ನಿವೃತ್ತರಾದವರು. ಅವರು ಪ್ರಶ್ನೆಗಳನ್ನು ಬಾಂಗ್ಲಾಕ್ಕೆ ತಿರುಗಿಸಿಕೊಟ್ಟರು. ಅದನ್ನು ಮೂಲ ನೋಡದ ಇನ್ನೊಬ್ಬರು ಮರಳಿ ಕನ್ನಡಕ್ಕೆ ತರಬೇಕು. ಆಗ ಎಲ್ಲಿ ಸೋರಿತು ಎಂದು ಗೊತ್ತಾಗುತ್ತದೆ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಹಿಮ್ಮುಖ ಅನುವಾದವನ್ನು ಅಡ್ಡದಾರಿ ಇಲ್ಲದೆ ಮಾಡಲೇಬೇಕಂತೆ. ಮರಳಿ ತರುವ ಕೆಲಸ ಇಲ್ಲೇ ಹುಟ್ಟಿ ಬೆಳೆದ ಕನ್ನಡ ಹುಡುಗನೊಬ್ಬನ ಪಾಲಿಗೆ ಬಂತು. ಮನೆಯಲ್ಲಿ ಕನ್ನಡ, ಉಳಿದ ಲೋಕವೆಲ್ಲ ಬಾಂಗ್ಲಾ. ಅವನು ಬರೆದುಕೊಟ್ಟದ್ದು: ‘ಬೇರೆಯವರ ಮನಸ್ಸು ತಿಳಿಯುವ ಚೇಷ್ಟೆ ಮಾಡುತ್ತೇನೆ.’

ಬಾಂಗ್ಲಾದಲ್ಲಿ ಚೇಷ್ಟಾ ಎಂದರೆ ಪ್ರಯತ್ನ. ನಮ್ಮಲ್ಲಿ ಚೇಷ್ಟೆ ಮಾಡಿದರೆ ಬೆನ್ನ ಮೇಲೆ ಬೀಳುತ್ತದೆ. ಅವರ ರಾಗ್ ಕೋಪ, ನಮ್ಮ ರಾಗ ಹಾಡು. ಎಲ್ಲಕ್ಕಿಂತ ಮೋಸದ್ದು ಅಭಿಮಾನ. ಕನ್ನಡದಲ್ಲಿ ಅಭಿಮಾನ ಎಂದರೆ ಹೆಮ್ಮೆ, ಮೆಚ್ಚುಗೆ. ಸಿನಿಮಾ ನಟನಿಗೂ ಅಭಿಮಾನಿಗಳಿರುತ್ತಾರೆ. ಬಾಂಗ್ಲಾದ ಅಭಿಮಾನ್, ಪ್ರೀತಿಯವರು ಮನಸ್ಸು ನೋಯಿಸಿದಾಗ ಬಾಯಿಬಿಟ್ಟು ಹೇಳದೆ ಒಳಗೇ ಮುಖ ಊದಿಸಿಕೊಳ್ಳುವುದು. ನಮ್ಮ ಮುನಿಸಿಗೆ ಹತ್ತಿರ, ಆದರೆ ಮುನಿಸಿಗಿಂತ ಆಳ. ದಿದಿ ಹೇಳಿದರು: ಅಭಿಮಾನದ ಬಗ್ಗೆ ಕೇಳದೆ ಬಂಗಾಳಿಯ ಭಾವ ಅಳೆಯುತ್ತೀರಾ? ನಮ್ಮ ಕಡೆಯಿಂದ ಅವರಿಗೆ ಕೊಡುವಂಥದ್ದು ‘ಬೇಜಾರು’. ಸಿನಿಮಾ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು, ಗೆಳತಿ ಫೋನ್ ಎತ್ತದಿದ್ದರೂ ಬೇಜಾರು. ಈ ಒಂದು ಪದ ಇಟ್ಟುಕೊಂಡು ಪ್ರಶ್ನೆ ಕೇಳಿದರೆ ಮೂರು ಜಾತಿಯ ಹಕ್ಕಿ ಒಂದೇ ಬಲೆಗೆ ಬೀಳುತ್ತವೆ.

ಭಾವ ಅಳೆಯುವ ಪ್ರಶ್ನಾವಳಿಗಳೇನೋ ರಾಶಿ ಬಿದ್ದಿವೆ. ಸಲೊವಿ ಮತ್ತು ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆಗೆ ಶಾಸ್ತ್ರದ ರೂಪ ಕೊಟ್ಟರು, 1995ರಲ್ಲಿ ಡೇನಿಯಲ್ ಗೋಲ್‌ಮನ್ ಪುಸ್ತಕ ಅದನ್ನು ವಿಮಾನ ನಿಲ್ದಾಣದ ಅಂಗಡಿಗಳವರೆಗೂ ತಲುಪಿಸಿತು. ಆಮೇಲೆ ಪೆಟ್ರೈಡ್ಸ್ ಅವರ 153 ಪ್ರಶ್ನೆಗಳ ಪಟ್ಟಿ 30ಕ್ಕೆ ಇಳಿಯಿತು. ನಾರ್ವೆಯ ಟ್ರೊಮ್ಸೊದಲ್ಲಿ ಸಾಮಾಜಿಕ ಬುದ್ಧಿಮತ್ತೆಗೆಂದು 21 ಪ್ರಶ್ನೆ ಸಾಕೆಂದರು. ಹಾಂಗ್‌ಕಾಂಗಿನ ವಾಂಗ್ ಮತ್ತು ಲಾ 2002ರಲ್ಲಿ 16ಕ್ಕೆ ನಿಲ್ಲಿಸಿದರು. 2010ರಲ್ಲಿ 10 ಪ್ರಶ್ನೆಯದೂ ಬಂತು.

ಪ್ರಶ್ನೆ ಕಡಿಮೆ ಮಾಡಿದರೆ ಕಳೆದುಕೊಳ್ಳುವುದೇನು ಎಂಬುದಕ್ಕೆ ಲೆಕ್ಕ ಇದೆ. ಸ್ಪಿಯರ್‌ಮನ್ ಮತ್ತು ಬ್ರೌನ್ ಎಂಬ ಇಬ್ಬರು 1910ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರ ಅದು. 20 ಪ್ರಶ್ನೆಗಳ ಕಾಗದದ ವಿಶ್ವಾಸಾರ್ಹತೆ 0.80 ಇದೆ ಎನ್ನಿ. ಅಂಥವೇ ಪ್ರಶ್ನೆಗಳಲ್ಲಿ 10 ಉಳಿಸಿ 10 ಕಿತ್ತರೆ ಅದು 0.67ಕ್ಕೆ ಬೀಳುತ್ತದೆ. ಬೀಳದಂತೆ ಮಾಡಲು ಒಂದು ಕಳ್ಳದಾರಿಯೂ ಇದೆ. ಒಂದೇ ಪ್ರಶ್ನೆಯನ್ನು ಬಟ್ಟೆ ಬದಲಿಸಿ ಹತ್ತು ಸಲ ಕೇಳುವುದು. ‘ಬೇರೆಯವರ ಭಾವನೆ ತಿಳಿಯುತ್ತದೆ’, ‘ಬೇರೆಯವರಿಗೆ ಏನನ್ನಿಸುತ್ತಿದೆ ಎಂದು ಗೊತ್ತಾಗುತ್ತದೆ’, ‘ಇತರರ ಭಾವವನ್ನು ಗುರುತಿಸಬಲ್ಲೆ’. ಉತ್ತರಗಳೆಲ್ಲ ತಾಳ ಹಾಕುತ್ತವೆ. ಕ್ರೋನ್‌ಬಾಕ್ 1951ರಲ್ಲಿ ಹೇಳಿದ ಆಲ್ಫಾ ಎಂಬ ಅಂಕಿ ಮೇಲೇರುತ್ತದೆ. ಪೊದೆಯೊಳಗೆ ಒಂದೇ ಹರಟೆಮಲ್ಲ ಹತ್ತು ಸಲ ಕೂಗಿದ್ದನ್ನು ಕೇಳಿ ಹಕ್ಕಿ 10 ಎಂದು ಬರೆದುಕೊಂಡ ಹಾಗೆ. ಹೊಸದರಲ್ಲಿ ನಾನೂ ಹಾಗೆ ಬರೆದವಳೇ.

ಫೆಬ್ರವರಿ. ಹುಡುಗಿ ಬೆಂಗಳೂರಿಗೆ ಹೊರಡುವ ಮುನ್ನ ಅವಳನ್ನು ಬಾಲಿಗಂಜ್ ಸರ್ಕ್ಯುಲರ್ ರಸ್ತೆಯ 35ನೇ ನಂಬರಿನ ಗೇಟಿನವರೆಗೆ ಕರೆದುಕೊಂಡು ಹೋದೆ. ಕೋಲ್ಕತ್ತ ವಿಶ್ವವಿದ್ಯಾಲಯದ ಬಾಲಿಗಂಜ್ ಸೈನ್ಸ್ ಕಾಲೇಜು. ದಾನ ಕೊಟ್ಟ ವಕೀಲ ತಾರಕನಾಥ ಪಾಲಿತರ ಹೆಸರು ಆವರಣಕ್ಕಿದೆ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಮಾನವಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲ ಒಂದೇ ಅಂಗಳದಲ್ಲಿ. ಮನಶ್ಶಾಸ್ತ್ರ ಮಾತ್ರ ಉತ್ತರದ ರಾಜಾಬಜಾರ್‌ನಲ್ಲಿದೆ. ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಅದು, 1916ರಲ್ಲಿ ನರೇಂದ್ರನಾಥ ಸೇನಗುಪ್ತ ಶುರುಮಾಡಿದ್ದು. ಎಂಟು ವರ್ಷಕ್ಕೆ, 1924ರಲ್ಲಿ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಇನ್ನೊಂದನ್ನು ಕಟ್ಟಿದರು. ಮೇಲೆ ಹೇಳಿದ ಸ್ಪಿಯರ್‌ಮನ್‌ ಬಳಿ ಲಂಡನ್ನಿನಲ್ಲಿ ಕಲಿತು ಬಂದವರು. ಕನ್ನಡಿಗರಿಗೆ ಅವರ ನೆನಪಿರುವುದು ಆಕಾಶವಾಣಿಯಿಂದ. ಬಿನೆಯ ಬುದ್ಧಿಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್. ಬುದ್ಧಿ ಅಳೆಯುವುದು ಕನ್ನಡಕ್ಕೆ ಹೊಸ ಕಸುಬಲ್ಲ.

ಈ ಅಂಗಳದ ಸಂಖ್ಯಾಶಾಸ್ತ್ರ ವಿಭಾಗ 1941ರಲ್ಲಿ ಶುರುವಾದಾಗ ಅದರ ಹೊಣೆ ಹೊತ್ತವರು ಪ್ರಶಾಂತಚಂದ್ರ ಮಹಾಲನೋಬಿಸ್. ಅವರ ಹೆಸರಿನ ‘ದೂರ’ವೊಂದಿದೆ, 1936ರದು. ಅದರ ಬೇರು ಒಬ್ಬ ಪ್ರಾಣಿಶಾಸ್ತ್ರಜ್ಞನ ಡಬ್ಬದಲ್ಲಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ. ಝೂಲಾಜಿಕಲ್ ಸರ್ವೆಯ ನೆಲ್ಸನ್ ಅನ್ನಂಡೇಲ್ ಈ ಊರಿನ ಆಂಗ್ಲೋ-ಇಂಡಿಯನ್ನರ ಮೈಯಳತೆಗಳನ್ನು ತೆಗೆದಿಟ್ಟಿದ್ದ; ಅದನ್ನು ಲೆಕ್ಕಕ್ಕೆ ಹಚ್ಚುವುದರಿಂದ ಮಹಾಲನೋಬಿಸ್ ಆ ದಾರಿ ಹಿಡಿದರು. ಎತ್ತರ, ತಲೆಯಗಲ, ಮೂಗಿನುದ್ದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಅಂಟನ್ನು ಲೆಕ್ಕಕ್ಕೆ ಹಿಡಿದು ಒಂದು ಗುಂಪು ಇನ್ನೊಂದರಿಂದ ಎಷ್ಟು ದೂರ ಎಂದು ಹೇಳುವುದು. ಈಗ ಪ್ರಶ್ನಾವಳಿ ಮಾಡುವವರು ಅದೇ ದೂರವನ್ನು ಇನ್ನೊಂದಕ್ಕೆ ಬಳಸುತ್ತಾರೆ. ಉಳಿದವರೆಲ್ಲರ ಉತ್ತರದ ರೂಢಿಯಿಂದ ಯಾರ ಕಾಗದ ವಿಪರೀತ ದೂರ ನಿಂತಿದೆಯೋ ಅವರು ಓದದೆ ಗೀಟು ಹಾಕಿರಬಹುದು ಎಂದು ಎತ್ತಿಟ್ಟು ನೋಡುತ್ತಾರೆ. ಹುಡುಗಿ ಗೇಟಿನ ಮುಂದೆ ಫೋಟೋ ತೆಗೆದುಕೊಂಡಳು. ಕಾವಲುಗಾರ ಒಳಗೆ ಬಿಡಲಿಲ್ಲ.

ಜೂನ್ ಕೊನೆ. ಮಳೆ ಹಿಡಿದಿದೆ. ಹುಡುಗಿ ಮತ್ತೆ ಬಂದಿದ್ದಾಳೆ, 40 ಕಾರ್ಡು 14ಕ್ಕೆ ಇಳಿದಿವೆ.

ಕೋಗಿಲೆ ಚಾಣವನ್ನು ಇಲ್ಲಿಯವರು ಚೋಖ್ ಗೇಲೋ ಎನ್ನುತ್ತಾರೆ. ಅದು ‘ಕಣ್ಣು ಹೋಯ್ತು, ಕಣ್ಣು ಹೋಯ್ತು’ ಎಂದು ಏರುದನಿಯಲ್ಲಿ ಕಿರುಚುವುದನ್ನು ಬೇಸಿಗೆಯಿಡೀ ಕೇಳಿದ್ದೆ. ಹೆಣ್ಣು ಹಕ್ಕಿ ಮೊಟ್ಟೆಯಿಡುವುದು ಹರಟೆಮಲ್ಲದ ಗೂಡಿನಲ್ಲಿ. ಇದರ ಮೊಟ್ಟೆಯೂ ನೀಲಿ, ಅದರದೂ ನೀಲಿ. ಇವತ್ತು ಬೆಳಿಗ್ಗೆ ಮಳೆಮರದ ಕೆಳಗಿನ ಬೇಲಿಯ ಮೇಲೆ ಮರಿಯೊಂದು ಕುಳಿತಿತ್ತು. ಎದೆಯ ಮೇಲೆ ಕಂದು ಗೀರು, ಬಾಲದಲ್ಲಿ ಪಟ್ಟೆ, ಸಾಕುವವಕ್ಕಿಂತ ದೊಡ್ಡದು. ಬಾಯಿ ಅಗಲ ತೆರೆದು ರೆಕ್ಕೆ ನಡುಗಿಸುತ್ತ ಅರಚುತ್ತಿತ್ತು. ಮೂರು ಹರಟೆಮಲ್ಲಗಳು ಸರದಿಯ ಮೇಲೆ ಹುಳ ತಂದು ಅದರ ಗಂಟಲಿಗೆ ತುರುಕುತ್ತಿದ್ದವು. ಇಪ್ಪತ್ತು ನಿಮಿಷ ನೋಡಿದೆವು. ಒಂದು ಸಲವೂ ಸರದಿ ತಪ್ಪಲಿಲ್ಲ, ಒಂದು ಹಕ್ಕಿಗೂ ಅನುಮಾನ ಬರಲಿಲ್ಲ.

ಹುಡುಗಿ ಬೈನಾಕ್ಯುಲರ್ ಇಳಿಸಿ ಹೇಳಿದಳು: “ದೊಡ್ಡಮ್ಮ, ಇದು ಪೂರ್ತಿ ವಿಶ್ವಾಸಾರ್ಹ. ಸಪ್ರಮಾಣ ಮಾತ್ರ ಅಲ್ಲ.”

ಈ ಎರಡು ಪದ ಬಿ.ಎಡ್. ಪುಸ್ತಕದಲ್ಲಿ ಅಕ್ಕಪಕ್ಕ ಬರುತ್ತವೆ, ಓದಿದವರು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಪ್ರತಿ ಸಲವೂ ಒಂದೇ ಥರ ಅಳೆದರೆ ವಿಶ್ವಾಸಾರ್ಹತೆ. ಅಳೆಯಬೇಕೆಂದು ಹೊರಟಿದ್ದನ್ನೇ ಅಳೆದರೆ ಸಪ್ರಮಾಣತೆ. ಗೂಡು ಸರಿ, ತುತ್ತು ಸರಿ, ಸರದಿ ಸರಿ, ಮರಿ ಬೇರೆಯವರದು.

ಈ ಶಾಸ್ತ್ರದಲ್ಲಿ ಇಂಥ ಮರಿ ಸಾಕಿದ ಕಥೆ ಹಳೆಯದು. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಸಾಮಾಜಿಕ ಬುದ್ಧಿಯನ್ನು ಹೆಸರಿಟ್ಟು ವಿವರಿಸಿದಾಗಲೇ ಎಚ್ಚರಿಸಿದ್ದ: ಇದು ಮಕ್ಕಳ ಕೋಣೆಯಲ್ಲಿ, ಆಟದ ಬಯಲಲ್ಲಿ, ಕಾರ್ಖಾನೆಯಲ್ಲಿ ಧಾರಾಳ ಕಾಣಿಸುತ್ತದೆ, ಪ್ರಯೋಗಶಾಲೆಯಲ್ಲಿ ಕೈಗೆ ಸಿಗದು. ಆದರೂ ಹತ್ತು ವರ್ಷದೊಳಗೆ ಅಮೆರಿಕದಲ್ಲಿ ಅದಕ್ಕೊಂದು ಕಾಗದದ ಪರೀಕ್ಷೆ ಬಂತು, ಜಾರ್ಜ್ ವಾಷಿಂಗ್ಟನ್ ಪರೀಕ್ಷೆ ಎಂದು ಹೆಸರಾಯಿತು. 1937ರಲ್ಲಿ ಅದನ್ನು ಒರೆಗೆ ಹಚ್ಚಿದವರಲ್ಲಿ ಒಬ್ಬ ಥಾರ್ನ್‌ಡೈಕನ ಮಗ ರಾಬರ್ಟ್. ಆ ಕಾಗದ ಬಹುಮಟ್ಟಿಗೆ ಅಳೆಯುತ್ತಿದ್ದುದು ಮಾತಿನ, ಓದಿನ ಜಾಣತನವನ್ನು. ಈಗಿನ ಗೂಡುಗಳಲ್ಲಿ ಸಾಮಾನ್ಯವಾಗಿ ಕೂರುವುದು ಬೇರೆ ಮರಿ: ಒಳ್ಳೆಯವರೆನ್ನಿಸಿಕೊಳ್ಳುವ ಆಸೆ. ‘ನಾನು ಬೇರೆಯವರ ಮನಸ್ಸು ಬಲ್ಲೆ’ ಎಂದು ಗೀಟು ಹಾಕಿದವರು ಬಲ್ಲವರೋ, ಬಲ್ಲೆನೆಂದು ನಂಬಿದವರೋ? ಮೇಯರ್, ಸಲೊವಿ, ಕರೂಸೊ ಎಂಬವರು ಮಾಡಿದ 141 ಪ್ರಶ್ನೆಗಳ ಪರೀಕ್ಷೆ ‘ನೀವು ಬಲ್ಲಿರಾ’ ಎಂದು ಕೇಳುವುದಿಲ್ಲ; ಮುಖದ ಚಿತ್ರ ತೋರಿಸಿ, ಸಂದರ್ಭ ಕೊಟ್ಟು, ಹೇಳಿ ನೋಡೋಣ ಎನ್ನುತ್ತದೆ. ಅದರ ಅಂಕಕ್ಕೂ ತಮ್ಮ ಬಗ್ಗೆ ತಾವೇ ಬರೆದುಕೊಂಡ ಅಂಕಕ್ಕೂ ನಂಟು ತೀರ ಸಡಿಲ. ನನ್ನನ್ನು ಕೇಳಿದರೆ, ತನಗೆ ತಾನೇ ಅಂಕ ಕೊಟ್ಟುಕೊಳ್ಳುವ ಹತ್ತು ಪ್ರಶ್ನೆ ನಂಬಿ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳಬಾರದು, ತೆಗೆಯಲೂಬಾರದು.

ಹುಡುಗಿ ತನ್ನ ಮಟ್ಟಿಗೆ ಒಂದು ಉಪಾಯ ಮಾಡಿದಳು. ಕಾಗದ ತುಂಬಿದವರ ಒಪ್ಪಿಗೆ ಪಡೆದು, ಅದೇ ಪ್ರಶ್ನೆಗಳನ್ನು ಅವರ ಜೊತೆಗಿರುವವರಿಗೂ ಕೊಟ್ಟಳು: ನಿಮ್ಮ ಯಜಮಾನರಿಗೆ ನಿಮ್ಮ ಮುನಿಸು ತಿಳಿಯುತ್ತದೆಯೇ? ಭಟ್ಟರ ಬಗ್ಗೆ ಉತ್ತರಿಸಿದವನು ಅವರ ಕೈಕೆಳಗಿನ ಹುಡುಗ. ಭಟ್ಟರು ‘ಬೇರೆಯವರ ಬೇಸರ ನನಗೆ ಬೇಗ ತಿಳಿಯುತ್ತದೆ’ ಎಂಬುದಕ್ಕೆ ಸಂಕೋಚದಿಂದ ‘ಅಪರೂಪಕ್ಕೆ’ ಎಂದಿದ್ದರು. ಹುಡುಗ ‘ಯಾವಾಗಲೂ’ ಎಂದು ಗೀಟು ಹಾಕಿ ಪಕ್ಕದಲ್ಲಿ ಬರೆದಿದ್ದ: “ಊರಿಂದ ಫೋನ್ ಬಂದ ದಿನ ನನಗೆ ಪಾತ್ರೆ ತೊಳೆಯಲು ಹೇಳುವುದಿಲ್ಲ.”

ಕಾರ್ಡು ಈಗ 12. ಕನ್ನಡದ ಒಂದು ಪ್ರಶ್ನೆಯಲ್ಲೂ ‘ಬೇಜಾರು’ ಇಲ್ಲ, ಬಾಂಗ್ಲಾದ ಒಂದರಲ್ಲಿ ‘ಅಭಿಮಾನ್’ ಇದೆ. ಎರಡರ ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ ಎಂದು ಅವಳೇ ಮೇಲೆ ಬರೆದಿಟ್ಟಿದ್ದಾಳೆ. ಕಚೇರಿಯಿಂದಲೋ ಮಕ್ಕಳ ಶಾಲೆಯಿಂದಲೋ ಇಂಥದೊಂದು ಕಾಗದ ನಿಮ್ಮ ಕೈಗೂ ಬಂದೀತು. ಪೆನ್ನು ನಿಂತ ಕಡೆ ಸುಮ್ಮನೆ ‘ಕೆಲವು ಸಲ’ ಎಂದು ಗೀಟು ಹಾಕಿ ಮುಂದೆ ಹೋಗಬೇಡಿ. ಏಕೆ ನಿಂತಿತು ಎಂದು ಪಕ್ಕದ ಅಂಚಿನಲ್ಲಿ ಎರಡು ಮಾತು ಬರೆದುಕೊಡಿ.